ಅಂಚೆಯ ಓಬಯ್ಯನ ಬೆಲ್ಲ

ಭಕ್ಷೀಸು ಕೊಡುವ ವಿದ್ಯೆ ನನಗೆ ಇಂದಿಗೂ ಒಲಿದಿಲ್ಲ. ಹೆಚ್ಚು ಕೊಟ್ಟರೆ ಮನೆಯಾಕೆ ನನ್ನನ್ನು ನೋಡುತ್ತಾಳೆ, ಕಡಿಮೆ ಕೊಟ್ಟರೆ ಪಡೆದವನು ನೋಡುತ್ತಾನೆ. ಎರಡು ನೋಟಕ್ಕೂ ಹೆದರಿ ನಾನು ಮುಖ ತಿರುಗಿಸಿಕೊಂಡೇ ಮುಷ್ಟಿ ಬಿಚ್ಚುತ್ತೇನೆ. ಒಮ್ಮೆ ಎಲೆಯಡಿಕೆಯ ಮುಷ್ಟಿಯನ್ನು ಹಾಗೆ ಬಿಚ್ಚಿದ್ದು ಗಾಡಿಯವನ ಕೈಗಲ್ಲ, ಎತ್ತಿನ ಮೂತಿಗೆ. ಅದು ಎಲೆಯನ್ನು ತಿಂದು ಅಡಿಕೆಯನ್ನು ಉಗುಳಿತು.

ನಮ್ಮ ಚಳ್ಳಕೆರೆಯಲ್ಲಿ ಮೊದಲು ಇಷ್ಟು ತಾಪತ್ರಯವಿರಲಿಲ್ಲ. ಅಂಚೆಯ ಓಬಯ್ಯನ ವಿಷಯದಲ್ಲಂತೂ ಕಟ್ಟಳೆ ಖಚಿತವಾಗಿತ್ತು. ಕಾಗದ ತಂದವನೇ ಜಗಲಿಯಲ್ಲಿ ಕುಳಿತು ಓದಿ ಹೇಳಬೇಕು. ಸುದ್ದಿ ಒಳ್ಳೆಯದಾದರೆ ಒಂದು ಅಚ್ಚು ಬೆಲ್ಲ. ಕೆಟ್ಟದಾದರೆ ಬರೀ ನೀರು. ಸಾವಿನದಾದರೆ ಅದೂ ಇಲ್ಲ. ಅವನೇ ಕೊಂದವನೆಂಬಂತೆ ಎಲ್ಲರೂ ಅವನನ್ನು ದುರುಗುಟ್ಟಿ ನೋಡುತ್ತಿದ್ದರು. ಹಿಂದಿನ ಅರಸರೂ ಗೆಲುವಿನ ಸುದ್ದಿ ತಂದ ದೂತನಿಗೆ ಕೊರಳ ಸರವನ್ನೇ ತೆಗೆದು ಕೊಡುತ್ತಿದ್ದರಂತೆ. ಶಾಸನಗಳಲ್ಲಿ ಯಾವ ಅರಸನೂ ಸೋಲದಿರುವುದಕ್ಕೆ ಆ ಸರವೇ ಕಾರಣವೆಂದು ನನ್ನ ಗುಮಾನಿ.

ಓಬಯ್ಯನೂ ಮನುಷ್ಯನೇ. ಬರಬರುತ್ತ ನಮ್ಮ ಬೀದಿಗೆ ಕೆಟ್ಟ ಸುದ್ದಿ ಬರುವುದೇ ನಿಂತುಹೋಯಿತು. ಮೂರು ಕಾಗದಗಳಲ್ಲಿ ಚೇತರಿಸಿಕೊಂಡಿದ್ದ ದೇವಸಮುದ್ರದ ಅಜ್ಜನನ್ನು ನೋಡಲು ಹೋದ ಪಕ್ಕದ ಮನೆಯವರು ಆತನ ವರ್ಷದ ತಿಥಿ ಊಟ ಮಾಡಿಕೊಂಡು ಬಂದರು. ಬಂದು, ಕಾಗದ ಬರೆದವರನ್ನೇ ಬೈದರು.

ನಾನು ಸ್ಕೂಲಿನ ಮೇಷ್ಟ್ರು, ಓದು ಬರುತ್ತದೆ. ಆದರೂ ಅವ್ವ ಕಾಗದವನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. “ನೀನ್ ಓದಿದ್ರೆ ಪಾಠ ಒಪ್ಪಿಸ್ದಂಗೆ ಇರ್ತೈತೆ ಕಣೋ. ಓಬಯ್ಯ ಓದಿದ್ರೆ ಅವ್ರೇ ಬಂದು ಕುಂತು ಮಾತಾಡ್ದಂಗಾಗ್ತೈತೆ.”

ಹೀಗಿರಲು, ತಂಗಿ ಗೌರಿಯನ್ನು ಮಗನಿಗೆ ತರಲೆಂದು ನೋಡಿಕೊಂಡು ಹೋಗಿದ್ದ ಮೊಳಕಾಲ್ಮೂರಿನ ರೇಷ್ಮೆ ನೇಕಾರ ಈರಣ್ಣನವರಿಂದ ಕಾಗದ ಬಂತು. ಇಡೀ ಮನೆ ತಿಂಗಳಿಂದ ಅದಕ್ಕೇ ಕಾದಿತ್ತು. ಓಬಯ್ಯ ಬಿಚ್ಚಿದ, ಮನಸ್ಸಿನಲ್ಲೇ ಓದಿಕೊಂಡ, ಬೆಲ್ಲದ ಡಬ್ಬಿಯತ್ತ ಒಮ್ಮೆ ನೋಡಿದ.

“ಒಪ್ಪಿಗೆ ಐತಂತೆ ಕಣವ್ವಾ! ಬೇಗ ಬರ್ರಿ ಅಂದವ್ರೆ!”

ಅವ್ವ ಎರಡು ಅಚ್ಚು ಕೊಟ್ಟು, ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಎಲೆ, ಅಡಿಕೆ, ಸಕ್ಕರೆ ಹೇರಿಕೊಂಡು ಗಾಡಿ ಹೂಡಿದೆವು. ಮೊಳಕಾಲ್ಮೂರಿನ ಬೆಟ್ಟ ಕಾಣುವ ಹೊತ್ತಿಗೆ ಅವ್ವ ತೂಕಡಿಸಿದಳು, ಗಂಟು ಸಡಿಲವಾಯಿತು, ಕಾಗದ ನನ್ನ ಕಾಲ ಬಳಿ ಬಿತ್ತು. ಓದಿದೆ. ‘ಹುಡುಗಿಗೆ ನೂಲು ಸುತ್ತಲು ಬಾರದೆಂದು ತಿಳಿಯಿತು. ಈ ಸಂಬಂಧ ಬೇಡ.’ ಅವ್ವನನ್ನು ಎಬ್ಬಿಸಿ ಹೇಳಲು ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಈರಣ್ಣನವರ ಮನೆ ಬಾಗಿಲೇ ಬಂದುಬಿಟ್ಟಿತು.

ಅವರು ಮಗ್ಗ ಬಿಟ್ಟು ಎದ್ದು ಬಂದರು. “ಅಮ್ಮಾ, ನಮ್ ಕಾಗ್ದ ಮುಟ್ಲಿಲ್ವಾ?”

“ಮುಟ್ಟಿತು ರೀ! ಅಂಥ ಕಾಗ್ದ ಬರೆದೋರ ಬಾಯಿಗೆ ಸಕ್ಕರೆ ಹಾಕ್ಬೇಕು!” ಎಂದ ಅವ್ವ ಹಾಕಿಯೇಬಿಟ್ಟಳು, ಒಂದು ಹಿಡಿ.

ತುಂಬಿದ ಬಾಯಲ್ಲಿ ಬೇಡ ಎನ್ನುವುದು ಕಷ್ಟ. ಅವರು ನುಂಗುವುದರೊಳಗೆ ಅಕ್ಕಪಕ್ಕದ ಮಗ್ಗದವರೆಲ್ಲ ಸಕ್ಕರೆಗೆ ಕೈಯೊಡ್ಡಿ ನಿಂತಿದ್ದರು. ಈರಣ್ಣನವರು ಆ ಕೈಗಳನ್ನೆಲ್ಲ ನೋಡಿದರು.

“ಸರೇ ಬಿಡ್ರಿ, ನೂಲು ಸುತ್ತೋದು ಇಲ್ಲೇ ಕಲೀತಾಳೆ.”

ಎಲ್ಲಿಯ ನೂಲು ಎಂದು ಅವ್ವನಿಗೆ ತಿಳಿಯಲಿಲ್ಲ. ನಾನು ತಿಳಿಸಲಿಲ್ಲ.

ಮದುವೆಯಾಯಿತು. ಇನ್ನೊಮ್ಮೆ ಹೀಗಾಗದಿರಲೆಂದು ಬೀದಿಯವರನ್ನು ಸೇರಿಸಿ ಹೊಸ ಕಟ್ಟಳೆ ಮಾಡಿದೆ: ಸುದ್ದಿ ಏನೇ ಇರಲಿ, ಬೆಲ್ಲ ಮೊದಲೇ ಕೊಡಬೇಕು. ಓಬಯ್ಯ ಬರೆದದ್ದನ್ನು ಬರೆದಂತೆ ಓದತೊಡಗಿದ. ಒಂದೇ ತಿಂಗಳಲ್ಲಿ ಬೀದಿಯವರ ನೆಂಟರಿಗೆಲ್ಲ ಜ್ವರ ಬಂತು, ಎರಡು ಎಮ್ಮೆ ಸತ್ತವು. ಜನ ನನಗೆ ಶಾಪ ಹಾಕಿದರು.

ಕಳೆದ ವಾರ ಗೌರಿ ಗಂಡನ ಕೈಲಿ ಬರೆಸಿದ ಕಾಗದ ಬಂತು. ಓಬಯ್ಯ ಬೆಲ್ಲ ಚೀಪುತ್ತ ಓದಿದ: “ನೂಲು ಸುತ್ತಿ ಸುತ್ತಿ ಬೆರಳು ನೋಯ್ತಾವೆ. ಅವ್ವನ್ನ ನೋಡ್ಬೇಕು ಅನ್ನಿಸ್ತೈತೆ.”

ಅವ್ವ ಎದ್ದುಹೋಗಿ ಇನ್ನೊಂದು ಅಚ್ಚು ತಂದು ಅವನ ಮುಂದಿಟ್ಟಳು.

“ಇನ್ನೊಂದ್ಸಲ ಓದಪ್ಪಾ.”

ಓಬಯ್ಯ ನನ್ನ ಮುಖ ನೋಡಿದ. ತಪ್ಪು ತಿದ್ದುವುದೇ ನನ್ನ ಕಸುಬು. ನಾನು ಸೂರಿನ ತೊಲೆಗಳನ್ನು ಎಣಿಸುತ್ತ ಕುಳಿತೆ.

“ಬೆರಳು ನೋವು ಹೋಯ್ತಂತೆ ಕಣವ್ವಾ. ಹಬ್ಬಕ್ಕೆ ಬರ್ತಾಳಂತೆ.”

ಅವತ್ತೇ ನಾನು ಈರಣ್ಣನವರಿಗೆ, ಹಬ್ಬಕ್ಕೆ ಗೌರಿಯನ್ನು ದಯವಿಟ್ಟು ಕಳಿಸಿಕೊಡಿ ಎಂದು ಕಾಗದ ಬರೆದು ಓಬಯ್ಯನ ಕೈಗಿಟ್ಟೆ. ಸುದ್ದಿ ನಿಜವಾಗಲೇಬೇಕಲ್ಲ, ಬೆಲ್ಲವನ್ನು ಅವನಾಗಲೇ ತಿಂದಾಗಿತ್ತು.