ಬೀಗದ ಕೋಣೆ ಮತ್ತು ಕಂಪ್ಯೂಟರ್ ಟೀಚರ್

ಮೊನ್ನೆ ಹಳೆಯ ಪೇಪರ್ ಹಾಕಲು ಹಾಸನದ ಗುಜರಿ ಅಂಗಡಿಗೆ ಹೋಗಿದ್ದೆ. ತಗಡುಗಳ ನಡುವೆ ದಪ್ಪ ಬೆನ್ನಿನ ಮಾನಿಟರ್ ಒಂದು ಬಿದ್ದಿತ್ತು. ನೆತ್ತಿಯ ಗಾಳಿಕಂಡಿಗಳಲ್ಲಿ ಕುಂಕುಮ ಒಣಗಿ ಕಪ್ಪಾಗಿತ್ತು. ಅದು ನಮ್ಮ ಶಾಲೆಯದೇ ಎಂದು ಹೇಳಲಾರೆ. ಆದರೂ ಬಗ್ಗಿ ಆ ಕುಂಕುಮವನ್ನು ಉಗುರಿನಿಂದ ಕೆರೆದು ನೋಡಿದೆ...

ಎಷ್ಟೋ ವರ್ಷಗಳ ಹಿಂದೆ ನಾನು ಶಾಂತಿಗ್ರಾಮದ ಆಚೆಗಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಶಾಲೆಗೆ ನಾಲ್ಕು ಕಂಪ್ಯೂಟರ್ ಬಂದವು. ಕಲಿಸಲು ಗುತ್ತಿಗೆಯ ಮೇಲೆ ಒಬ್ಬ ಟೀಚರ್ ಬಂದರು, ದಿನವೂ ಹೊಳೆನರಸೀಪುರದಿಂದ ಬಸ್ಸಿನಲ್ಲಿ. ಕೋಣೆಯ ಬೀಗದ ಕೈ ಮಾತ್ರ ಹೆಡ್‌ಮಾಸ್ಟರ ಜೇಬಿನಲ್ಲಿ.

"ಮಕ್ಳು ಮುಟ್ಟಿ ಕೆಡಿಸ್ಬುಟ್ರೆ ಯಾರಮ್ಮ ಜವಾಬ್ದಾರಿ?"

ಆಕೆ ಜಗಲಿಯಲ್ಲೇ ಕಂಪ್ಯೂಟರಿನ ಕಥೆ ಶುರುಮಾಡಿದರು. ಮೊದಲು ಬೆರಳು, ಆಮೇಲೆ ಹರಳುಕಲ್ಲು, ಆಮೇಲೆ ತಂತಿಗೆ ಪೋಣಿಸಿದ ಮಣಿ. ಮಗ್ಗದಲ್ಲಿ ಯಾವ ಎಳೆ ಏಳಬೇಕೆಂದು ತಿಳಿಸುತ್ತಿದ್ದ ತೂತಿನ ರಟ್ಟು. ಒಂದು ದೊಡ್ಡ ಕೋಣೆಯನ್ನೇ ತುಂಬುತ್ತಿದ್ದ ಯಂತ್ರ. ಎಂಟು ಮಕ್ಕಳನ್ನು ಸಾಲಾಗಿ ಕೂರಿಸಿ, ಎದ್ದರೆ ಒಂದು, ಕೂತರೆ ಸೊನ್ನೆ ಎಂದು ಎಣಿಸುವುದನ್ನು ಆಡಿಸಿದರು.

"ಮೊದ್ಲು ಕಂಪ್ಯೂಟರ್ ಅಂದ್ರೆ ಮಿಷನ್ ಅಲ್ಲ ಕಣ್ರೋ. ಕೂತು ಲೆಕ್ಕ ಮಾಡೋ ಮನುಷ್ಯರು. ಎಷ್ಟೋ ಜನ ಹೆಣ್ಮಕ್ಳು."

"ಅಂಗಾರೆ ನಮ್ಮವ್ವನೂ ಕಂಪ್ಯೂಟ್ರೇ ಮಿಸ್! ಡೈರೀಲಿ ಯಾರು ಎಷ್ಟು ಆಲು ಆಕುದ್ರು ಅಂತ ಬಾಯಲ್ಲೇ ಏಳ್ತಾಳೆ" ಎಂದಳು ಒಬ್ಬಳು.

ಟೀಚರ್ ನಗಲಿಲ್ಲ. "ಹೌದು, ಅವರೂ" ಎಂದರು.

ಆ ಕೋಣೆಯ ಬಾಗಿಲು ತೆರೆದದ್ದು ಆಯುಧಪೂಜೆಗೆ. ಹೆಡ್‌ಮಾಸ್ಟರು ನಾಲ್ಕಕ್ಕೂ ಕುಂಕುಮ ಹಚ್ಚಿ, ಹೂ ಮುಡಿಸಿ, ತಂಬಿಗೆಯಿಂದ ಅರಿಶಿನದ ನೀರು ಎತ್ತಿದರು.

"ಬೇಡ ಸರ್, ಒಳಗೆ ಇಳಿಯುತ್ತೆ."

"ಬಸ್ಸಿಗೇ ಬಕೆಟ್‌ಗಟ್ಲೆ ಉಯ್ತೀವಿ, ಅದು ಓಡಲ್ವೇನಮ್ಮ?"

ಎಲ್ಲರೂ ನಕ್ಕರು. ನೀರು ಬಿತ್ತು. ಪೂಜೆಯಾದ ಮೇಲೆ ಚಾಲೂ ಮಾಡಬೇಕೆಂದು ಹೆಡ್‌ಮಾಸ್ಟರೇ ಸ್ವಿಚ್ ಒತ್ತಿದರು. ಚಟ್ಟೆಂದು ಸದ್ದು, ಸುಟ್ಟ ವಾಸನೆ. ಮೂರು ಸತ್ತವು. ಕುಂಕುಮದ ತಟ್ಟೆ ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದವನು ನಾನು.

ತಿಳಿಯದೆ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ತಿಳಿದ ಮೇಲೆ ಮಾಡಿದರಲ್ಲ, ಅದಕ್ಕೆ. ತಪಾಸಣೆಗೆ ಬಂದವರಿಗೆ, ಟೀಚರೇ ಅನುಮತಿ ಪಡೆಯದೆ ಮಕ್ಕಳಿಂದ ಮುಟ್ಟಿಸಿ ಕೆಡಿಸಿದರೆಂದು ಬರೆದುಕೊಟ್ಟರು. ಒಂದು ದಿನವೂ ಮುಟ್ಟಲು ಬಿಡದ ಮಕ್ಕಳಿಂದ! ಬಂದವರೋ, ಬೀಗದ ಕೈ ಯಾರ ಹತ್ತಿರ ಇತ್ತು ಎಂದು ಕೇಳಲೂ ಇಲ್ಲ. ಗುತ್ತಿಗೆಯ ಹೆಂಗಸು, ಕಳಿಸಿದರೆ ಕೇಳುವವರಿಲ್ಲ.

ಟೀಚರ್ ನನ್ನ ಕಡೆ ತಿರುಗಿದರು. "ನೀವೂ ಅಲ್ಲೇ ಇದ್ರಲ್ಲ ಸರ್, ಹೇಳಿ."

ಹೆಡ್‌ಮಾಸ್ಟರು ನನ್ನನ್ನೇ ನೋಡುತ್ತಿದ್ದರು. 'ಹಿಂದೆ ನಿಂತಿದ್ದೆ, ಏನೂ ಕಾಣಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಮರುದಿನದಿಂದ ಆಕೆ ಬರಲಿಲ್ಲ. ಜಗಲಿಯಲ್ಲಿ ಮಕ್ಕಳು ಒಂದು ವಾರ ಸಾಲಾಗಿ ಕೂತು ಕಾದರು...

ಗುಜರಿ ಅಂಗಡಿಯಿಂದ ನಾನು ಮನೆಗೆ ಹೋಗಲಿಲ್ಲ. ಹೊಳೆನರಸೀಪುರದ ಬಸ್ಸು ಹತ್ತಿ, ಕೇಳಿಕೊಂಡು ಅವರ ಮನೆ ಹುಡುಕಿದೆ. ಬಾಗಿಲು ತೆರೆದವರು ತಂಗಿ. ಟೀಚರ್ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಕಾಗದದಿಂದಾಗಿ ಮತ್ತೆ ಯಾವ ಶಾಲೆಯೂ ಅವರನ್ನು ತೆಗೆದುಕೊಂಡಿರಲಿಲ್ಲ.

ನಾನು ಯಾರೆಂದು ಹೇಳಿದೆ. ಆಕೆ ಬೈಯಲಿಲ್ಲ, ಕುರ್ಚಿ ಹಾಕಿದರು.

"ಅಕ್ಕ ನಿಮ್ಮನ್ನ ಒಂದು ದಿನಾನೂ ಆಡ್ಕೊಳ್ಲಿಲ್ಲ ಸಾರ್. ಆ ಗದ್ಲದಲ್ಲಿ ಅವ್ರಿಗೆ ನಿಜವಾಗ್ಲೂ ಕಾಣ್ಲಿಲ್ವೇನೋ, ಪಾಪ, ಅಂತಿದ್ಳು."

ನನಗೆ ಕಂಡಿತ್ತು.