ಹಾಲುಗಂಬದ ಕೆಂಚಣ್ಣ

ಯಲ್ಲದಕೆರೆಯ ಸುತ್ತಮುತ್ತ ಮದುವೆ ಗೊತ್ತಾದರೆ ಜನ ಮೊದಲು ಪುರೋಹಿತರ ಹತ್ತಿರ ಹೋಗುತ್ತಾರೆ, ಆಮೇಲೆ ಅಡುಗೆಯವರ ಹತ್ತಿರ, ಆಮೇಲೆ ಕೆಂಚಣ್ಣನ ಹತ್ತಿರ. ಈ ಅನುಕ್ರಮವೇ ತಪ್ಪು ಎಂದು ಕೆಂಚಣ್ಣನ ಅಭಿಪ್ರಾಯ. ಚಪ್ಪರಕ್ಕೆ ಎಲ್ಲಕ್ಕಿಂತ ಮೊದಲು ನೆಡುವುದು ಹಾಲುಗಂಬ. ಹಾಲುಗಂಬಕ್ಕೆ ಬೇಕಾದದ್ದು ಹಾಲುವಾಣದ ಹಸಿ ಕೊಂಬೆ. ಹೇಳಿಕೊಳ್ಳುವಂಥ ಹಾಲುವಾಣದ ಮರ ಆ ಭಾಗದಲ್ಲಿ ಇರುವುದು ಒಂದೇ, ಅದು ಅವನ ಹೊಲದ ಬದುವಿನಲ್ಲಿ.

ಕೊಂಬೆ ಕಡಿದು ತರಬೇಕಾದವನು ಮದುಮಗಳ ಸೋದರಮಾವ. ಸೋದರಮಾವ ಇಲ್ಲದವರಿಗೆ, ಇದ್ದೂ ಮುನಿಸಿಕೊಂಡವರಿಗೆ, ಮುನಿಸಿಲ್ಲದಿದ್ದರೂ ಮುಳ್ಳಿನ ಮರ ಹತ್ತಲು ಅಳುಕುವವರಿಗೆ ಕೆಂಚಣ್ಣನೇ ಬದಲಿ ಸೋದರಮಾವ. ತಲೆಗೆ ಸ್ನಾನ ಮಾಡಿ, ರುಮಾಲು ಸುತ್ತಿ, ಕೊಡಲಿಗೆ ಅರಿಶಿನ ಹಚ್ಚಿಕೊಂಡು ಅವನು ಹೊರಟರೆ, ಮಾರಿಕಣಿವೆ ಅಣೆಕಟ್ಟಿನ ತೂಬು ಎತ್ತಲು ಬಂದ ಮಂತ್ರಿಯ ಗಾಂಭೀರ್ಯ ಇರುತ್ತಿತ್ತು. ಊಟದ ಪಂಕ್ತಿಯಲ್ಲಿ ಕೂತಾಗ ಮಾತು ಒಂದೇ. "ನನ್ನ ಕಂಬದ ಮದುವೆ ಒಂದೂ ಕೋರ್ಟಿಗೆ ಹೋಗಿಲ್ಲ ಕಣ್ರಪ್ಪ."

"ಹಂಗಾದ್ರೆ ಗಂಡ ಹೆಂಡ್ತಿ ಹೊಂದ್ಕಂಡು ಹೋಗಿದ್ದು ಲೆಕ್ಕಕ್ಕಿಲ್ವ?" ಎಂದು ಯಾರಾದರೂ ಕೆಣಕಿದರೆ, "ಅವರ ಪಾಲೂ ಒಂದೀಟು ಐತೆ" ಎಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಅವನದು.

ಅವನು ಬದಲಿಯಾಗಿ ಅಲ್ಲದೆ ನಿಜವಾದ ಸೋದರಮಾವನಾಗಿ ಕಡಿದು ತಂದ ಕಂಬ ಒಂದೇ. ಹಿರಿಯೂರಿನಲ್ಲಿರುವ ತಂಗಿ ಹೇಮಾವತಿಯ ಮಗಳು ಸುಷ್ಮಿತಾಳನ್ನು ಹೊಸದುರ್ಗದ ನಿರಂಜನ್‌ಗೆ ಕೊಟ್ಟಾಗ ತಂದದ್ದು. ಚಪ್ಪರ ಬಿಚ್ಚಿದ ಮೇಲೂ ಗೇಟಿನ ಪಕ್ಕದ ಆ ಕಂಬವನ್ನು ಹೇಮಾವತಿ ಕೀಳಿಸಲಿಲ್ಲ. ದಿನಾ ನೀರು ಹಾಕಿದಳು. ಕಂಬ ಬೇರು ಬಿಟ್ಟು ಚಿಗುರಿತು. ಅದು ಚಿಗುರಿದ ಹಾಗೆಯೇ ಮಗಳ ಸಂಸಾರವೂ ಚಿಗುರುತ್ತದೆ ಎಂದು ಅವಳ ನಂಬಿಕೆ. ನಂಬಿಸಿದವನು ಅಣ್ಣನೇ. ಅಷ್ಟರಲ್ಲಿ ಸುಷ್ಮಿತಾ ತುಂಬು ಬಸುರಿಯಾಗಿ ಹೆರಿಗೆಗೆ ತವರಿಗೆ ಬಂದಳು. ಬೇರು ಹಿಡಿದ ಕಂಬಕ್ಕೆ ನೀರು ಬೇಕಾಗಲಿಲ್ಲ, ಮಗಳ ಆರೈಕೆಯಲ್ಲಿ ಹೇಮಾವತಿಗೆ ಗೇಟಿನ ಕಡೆ ನೋಡಲು ಬಿಡುವೂ ಇರಲಿಲ್ಲ.

ಅವಳನ್ನು ನೋಡಲೆಂದು ಬಂದ ದಿನ ಕೆಂಚಣ್ಣ ಗೇಟಿನಲ್ಲೇ ನಿಂತುಬಿಟ್ಟ. ಕಂಬದ ಎಲೆಗಳು ಅಂಗೈಯಗಲ ಇರಬೇಕಾದವು ಮುದುಡಿ ಸುರುಟಿಕೊಂಡಿದ್ದವು. ತೊಟ್ಟುಗಳು ಕಡಲೆಕಾಯಿ ಕಟ್ಟಿದ ಹಾಗೆ ಊದಿದ್ದವು. ಎಲೆಯ ಮೈತುಂಬ ಗಂಟು. ಒಂದನ್ನು ಉಗುರಿನಿಂದ ಸೀಳಿದ. ರಾಗಿಕಾಳಿಗಿಂತ ಸಣ್ಣ ಹುಳವೊಂದು ಒಳಗಿನಿಂದ ಬಂದು, ಅವನ ಉಗುರಿನ ಮೇಲೆ ಸ್ವಲ್ಪ ನಡೆದು, ರೆಕ್ಕೆ ಬಿಚ್ಚಿ ಹಾರಿಹೋಯಿತು.

"ಯಾಕಣ್ಣ ಅಲ್ಲೇ ನಿಂತೆ?" ಎಂದಳು ಹೇಮಾವತಿ ಒಳಗಿನಿಂದ.

"ಚಿಗುರು ನೋಡ್ತಿದ್ದೆ ಕಣೆ. ಚೆನ್ನಾಗೈತೆ" ಎಂದ. ಅವಳು ಹೊರಗೆ ಬರುವಷ್ಟರಲ್ಲಿ ಕೈಗೆ ಸಿಕ್ಕಷ್ಟು ಎಲೆ ಕಿತ್ತು ಟವಲಿನಲ್ಲಿ ಮುಚ್ಚಿಕೊಂಡಿದ್ದ.

ಊರಿಗೆ ಬಂದವನು ನೇರ ಬದುವಿಗೆ ಹೋದ. ಮರದ ತುಂಬ ಅದೇ ಗಂಟು. ಕೊಂಬೆ ಬೇಕಾದಾಗ ಮಾತ್ರ ಅವನು ತಲೆಯೆತ್ತಿ ನೋಡುತ್ತಿದ್ದ ಮರ ಅದು. ಈಗ ಕೊಂಬೆ ಕೊಂಬೆಯನ್ನೂ ಬಗ್ಗಿಸಿ ನೋಡಿದ. ಮದುವೆ ಚೆನ್ನಾಗಿ ನಡೆದದ್ದು ತನ್ನ ಕಂಬದಿಂದ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವನು, ಕಂಬ ಕೆಟ್ಟರೆ ಕೆಡುವುದೂ ತನ್ನಿಂದಲೇ ಎಂಬುದನ್ನು ಯಾವ ಬಾಯಿಂದ ಅಲ್ಲಗಳೆಯಬೇಕು?

ಸುಷ್ಮಿತಾಳ ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ಯೋಚಿಸಲು ಧೈರ್ಯ ಬರಲಿಲ್ಲ. ಬೇರೆಯವರ ಗತಿ ಏನಾಗಿದೆ ನೋಡೋಣವೆಂದು ಹೊಳಲ್ಕೆರೆಯ ಬಸ್ಸು ಹತ್ತಿದ. ಅಲ್ಲಿ ಹಾಲೇಶ್ ಮತ್ತು ಮೋನಿಕಾ ಎಂಬ ದಂಪತಿ ಇದ್ದರು. ಆ ಮದುವೆಯ ಕಂಬವೂ ಇವನದೇ. ಗಂಡ ಹೆಂಡತಿ ಜೋಡಿಯಾಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಬರ್ರಿ ಕೆಂಚಣ್ಣ, ಕುಂತ್ಕಳ್ರಿ. ಏನ್ ಈ ಕಡೆ?"

"ಸುಮ್ನೆ ಬಂದೆ. ನೀವಿಬ್ರೂ ಚೆನ್ನಾಗಿದೀರ?"

"ಚೆನ್ನಾಗಿದೀವಿ."

"ಇಬ್ರೂ?"

ಹಾಲೇಶನ ಕೈ ನಿಂತಿತು. "ಯಾಕೆ, ನಮ್ಮತ್ತೆ ಏನಾರ ಹೇಳಿ ಕಳಿಸಿದ್ರಾ?"

"ನಮ್ಮಮ್ಮ ಯಾಕ್ ಹೇಳ್ತಾಳೆ?" ಎಂದಳು ಮೋನಿಕಾ. "ನೀನೇ ಯಾರ ಮುಂದೇನೋ ಹೇಳ್ಕಂಡಿರಬೇಕು. ಇಲ್ದಿದ್ರೆ ಅಷ್ಟು ದೂರದಿಂದ ಇವರು ಯಾಕ್ ಬರ್ತಾರೆ?"

"ನಾನೇನ್ ಹೇಳ್ಕಂಡೆ? ಹೇಳ್ಕಳಂಥದ್ದು ಏನೈತೆ?"

"ಐತೋ ಇಲ್ವೋ ನಿಂಗೇ ಗೊತ್ತು."

ಕಾಫಿ ಬರುವ ಹೊತ್ತಿಗೆ ಅವರೆಕಾಯಿಯ ಮೊರ ಒಬ್ಬರ ಕಡೆ, ಸಿಪ್ಪೆ ಇನ್ನೊಬ್ಬರ ಕಡೆ ಆಗಿತ್ತು. ಕೆಂಚಣ್ಣ ಅರ್ಧ ಕಾಫಿ ಬಿಟ್ಟು ಎದ್ದ. ತನ್ನ ಕಣ್ಣೆದುರೇ ಒಂದು ಸಂಸಾರ ಬಿರುಕು ಬಿಟ್ಟಿತ್ತು. ಇನ್ನು ಅನುಮಾನಕ್ಕೆ ಜಾಗ ಎಲ್ಲಿ?

ಮಾರನೆಯ ದಿನ ಎಲೆಗಳನ್ನು ಕವರಿನಲ್ಲಿ ಕಟ್ಟಿಕೊಂಡು ಹಿರಿಯೂರಿನ ಕೃಷಿ ಕಚೇರಿಗೆ ಹೋದ. ಅಲ್ಲಿದ್ದ ಅಧಿಕಾರಿ ಜಯಕುಮಾರ್ ನೋಡಿದ ತಕ್ಷಣ ಗುರುತಿಸಿದ.

"ಇದು ಗಂಟು ಕಣಜ ಅನ್ನೋ ಹುಳ. ಹೊರದೇಶದಿಂದ ಬಂದಿದ್ದು, ಎಷ್ಟೋ ಕಡೆ ಐತೆ. ತಾಯಿ ಬಂದು ಎಳೇ ಚಿಗುರೊಳಗೆ ಮೊಟ್ಟೆ ಇಡ್ತೈತೆ. ಒಳಗೆ ಮರಿ ಬೆಳೆದಂಗೆ ಎಲೇನೇ ಅದರ ಸುತ್ತ ಊದ್ಕಂಡು ಮನೆ ಕಟ್ಟಿಕೊಡ್ತೈತೆ. ದೊಡ್ಡದಾದ್ಮೇಲೆ ತೂತು ಕೊರ್ಕಂಡು ಹೊರಗೆ ಬರ್ತೈತೆ."

ಸಮಾಧಾನಕ್ಕೆಂದು ಹೇಳಿದ ಒಂದೊಂದು ಮಾತಿಗೂ ಕೆಂಚಣ್ಣನ ಮುಖ ಬಿಳಿಚಿಕೊಳ್ಳುತ್ತಿತ್ತು. ಊದುವುದು, ಒಳಗೆ ಬೆಳೆಯುವುದು, ಹೊರಗೆ ಬರುವುದು. ಅವನ ಕಣ್ಣ ಮುಂದೆ ಎಲೆ ಇರಲಿಲ್ಲ.

"ಅದು ಹೊರಗೆ ಬಂದ್ಮೇಲೆ ಅವಳು ಏನಾಗ್ತಾಳೆ?"

"ಯಾವಳು?"

"ಎಲೆ."

"ಉದುರ್ತೈತೆ."

ಕೆಂಚಣ್ಣ ಮೇಜು ಹಿಡಿದುಕೊಂಡ. ಜಯಕುಮಾರ್ ಕುರ್ಚಿ ಎಳೆದು ಕೂರಿಸಿದ. "ಹೆದರ್ಕಬ್ಯಾಡ್ರಿ. ಮನುಷ್ಯರಿಗೆ ಏನೂ ಮಾಡಲ್ಲ, ಕಚ್ಚೋದೂ ಇಲ್ಲ. ಹಾಲುವಾಣದ ಜಾತಿ ಬಿಟ್ರೆ ಬೇರೆ ಮರಾನೇ ಮುಟ್ಟಲ್ಲ."

ಇದಕ್ಕಿಂತ ಭಯಂಕರವಾದ ಮಾತನ್ನು ಅವನು ಹೇಳುವಂತಿರಲಿಲ್ಲ. ಬೇವು ಬಿಟ್ಟು, ಹೊಂಗೆ ಬಿಟ್ಟು, ಹುಣಸೆ ಬಿಟ್ಟು, ಸಮುದ್ರ ದಾಟಿ ಬಂದ ಹುಳ ಮದುವೆಯ ಕಂಬವನ್ನೇ ಹುಡುಕುತ್ತದೆ ಎಂದರೆ ಏನರ್ಥ?

ಅಲ್ಲಿಂದ ಮುಂದೆ ಕೆಂಚಣ್ಣ ದಿನಾ ಬೆಳಿಗ್ಗೆ ತಂಗಿ ಮನೆಗೆ ಬರತೊಡಗಿದ. ಒಂದು ದಿನ ಬದನೆಕಾಯಿ, ಒಂದು ದಿನ ಹಾಲು, ಒಂದು ದಿನ ಏನೂ ಇಲ್ಲದೆ "ಬಸ್ಸು ಖಾಲಿ ಇತ್ತು, ಬಂದೆ" ಎಂಬ ಕಾರಣ. ಒಳಗೆ ಹೋಗುವ ಮೊದಲು ಗಂಟಿನ ಎಲೆ ಕೀಳುವುದು, ಟವಲಿಗೆ ತುರುಕುವುದು. ಕಿತ್ತಲ್ಲಿ ಎಳೇ ಚಿಗುರು ಬರುತ್ತಿತ್ತು. ಎಳೇ ಚಿಗುರು ಕಂಡರೆ ಕಣಜಕ್ಕೆ ಹಬ್ಬ. ಅದಕ್ಕೂ ಗಂಟು, ಅದನ್ನೂ ಕಿತ್ತ. ಕಡೆಗೆ ಗಂಟಿಲ್ಲದ್ದಕ್ಕೂ ಗಂಟು ಬರಬಹುದೆಂದು ಹೆದರಿ ಎಲ್ಲವನ್ನೂ ಕಿತ್ತುಬಿಟ್ಟ. ಹುಳಗಳು ಒಟ್ಟಾಗಿ ಮಾಡಲಾಗದ್ದನ್ನು ಸೋದರಮಾವ ಒಬ್ಬನೇ ಮಾಡಿ ಮುಗಿಸಿದ. ಕಂಬದಲ್ಲಿ ಮುಳ್ಳು ಬಿಟ್ಟು ಏನೂ ಉಳಿಯಲಿಲ್ಲ.

ಸುಷ್ಮಿತಾಳಿಗೆ ನೋವು ಶುರುವಾದದ್ದು ಮಧ್ಯಾಹ್ನ. ಕೆಂಚಣ್ಣ ಓಡಿಹೋಗಿ ಆಟೋ ಕರೆತಂದ. ಮಗಳ ತೋಳು ಹಿಡಿದು ಬಾಗಿಲಿಗೆ ಬಂದ ಹೇಮಾವತಿ ಕಂಬದ ಕಡೆ ನೋಡಿದಳು. ನೋಡಿದವಳು ಹೊಸಿಲು ದಾಟಲಿಲ್ಲ.

"ಅಣ್ಣ, ಕಂಬ ಒಣಗೋಗೈತೆ."

ಕೆಂಚಣ್ಣ ಆಟೋದ ಕಡೆ ನೋಡಿದ.

"ಇದರ ಮುಂದೆ ನನ್ನ ಮಗಳನ್ನ ಕರ್ಕಂಡು ಹೋಗಲ್ಲ. ಹಿತ್ಲ ಕಡೆಯಿಂದ ಹೋಗಾಣ."

ಹಿತ್ತಲಿನಲ್ಲಿ ಬಚ್ಚಲ ನೀರು ಹರಿದು ಪಾಚಿಗಟ್ಟಿದ ಕಲ್ಲುಗಳಿದ್ದವು. ಕೈಬೀಸಿಕೊಂಡು ನಡೆಯುವವರೇ ಅಲ್ಲಿ ಜಾರುತ್ತಿದ್ದರು. ಹೇಮಾವತಿ ಮಗಳನ್ನು ಆ ಕಡೆ ತಿರುಗಿಸಿದಳು. ನೋವಿನಲ್ಲಿ ಬಗ್ಗಿದ್ದ ಸುಷ್ಮಿತಾ ತಾಯಿ ಎಳೆದತ್ತ ಒಂದು ಹೆಜ್ಜೆ ಇಟ್ಟಳು.

"ನಿಂತ್ಕ ಹೇಮ" ಎಂದ ಕೆಂಚಣ್ಣ. "ಒಣಗಿಲ್ಲ ಕಣೆ. ನಾನೇ ಕಿತ್ತಿದ್ದು. ದಿನಾ ಕಿತ್ತೆ. ಎಲೆಗೆ ಹುಳ ಬಿದ್ದು ಗಂಟಾಗಿತ್ತು. ನೀನು ನೋಡಬಾರ್ದು ಅಂತ." ಹೋಗಿ ಕಂಬದ ತೊಗಟೆಯನ್ನು ಉಗುರಿನಿಂದ ಕೆರೆದ. ಒಳಗೆ ಹಸಿರು ಕಂಡಿತು. ಮುಳ್ಳು ಚುಚ್ಚಿ ಬೆರಳಿನಲ್ಲಿ ರಕ್ತ ಬಂದಿತ್ತು, ಅವನಿಗೆ ತಿಳಿಯಲಿಲ್ಲ.

ಹೇಮಾವತಿ ಅಣ್ಣನನ್ನು ನೋಡಿದ ರೀತಿಗೆ ಅವನು ಇನ್ನಷ್ಟು ಸಣ್ಣಗಾದ. "ಹುಳ ಬಿದ್ದಿದ್ದಾ? ನನ್ನ ಮಗಳ ಕಂಬಕ್ಕಾ?"

ಆಗ ಸುಷ್ಮಿತಾ ಹಲ್ಲು ಕಚ್ಚಿಕೊಂಡೇ ಹೇಳಿದಳು. "ನಾನು ಬಂದ ದಿನದಿಂದ ನೋಡಿದೀನಮ್ಮ, ಎಲೆ ಹಂಗೇ ಇತ್ತು. ಅದನ್ನ ನೋಡಿ ನಂಗೇನೂ ಅನ್ನಿಸಲಿಲ್ಲ. ಮಾವ ಕೀಳೋದನ್ನ ದಿನಾ ಕಿಟಕೀಲಿ ನೋಡ್ತಿದ್ದೆ. ಮಾವನ ಮುಖ ನೋಡಿ ಹೆದ್ರಿಕೆ ಆಗಿದ್ದು. ನಂಗೆ ಗೊತ್ತಿಲ್ದೆ ಇರೋದು ಏನೋ ಇವರಿಗೆ ಗೊತ್ತೈತೆ ಅಂತ ನಿದ್ದೆ ಮಾಡಿಲ್ಲ ನಾನು."

ಅವಳು ಮಾವನ ಕಡೆ ತಿರುಗಿದಳು.

"ಏನಾದ್ರೂ ಗೊತ್ತಾ ಮಾವ? ಈಗಲೇ ಹೇಳು."

"ಏನೂ ಗೊತ್ತಿಲ್ಲ ಕಣವ್ವ" ಎಂದ ಅವನು. ಬಹುಶಃ ಜೀವನದಲ್ಲಿ ಮೊದಲ ಸಲ. "ನಂಗೆ ಏನಂದ್ರೆ ಏನೂ ಗೊತ್ತಿಲ್ಲ."

"ಹಂಗಾದ್ರೆ ಗೇಟ್ ತೆಗಿ" ಎಂದಳು ಸುಷ್ಮಿತಾ. ತಾಯಿಯ ಕೈ ಬಿಡಿಸಿಕೊಂಡು, ಬೋಳು ಕಂಬವನ್ನೇ ಆಸರೆಗೆ ಹಿಡಿಯಲು ಹೋಗಿ ಮುಳ್ಳು ಕಂಡು, ಮಾವನ ಹೆಗಲು ಹಿಡಿದು ಆಟೋ ಹತ್ತಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕೆಂಚಣ್ಣ ಕೂತಿದ್ದ ಪರಿಯನ್ನು ನೋಡಿದ ನರ್ಸು, ಪೇಷೆಂಟ್ ಇವನೇ ಇರಬೇಕೆಂದು ಎರಡು ಸಲ ವಿಚಾರಿಸಿದಳು. ಹೊಸದುರ್ಗದಿಂದ ನಿರಂಜನ್ ಬಂದು ಪಕ್ಕದಲ್ಲಿ ಕೂತ. ಅಳಿಯನ ಮುಖ ನೋಡಲು ಕೆಂಚಣ್ಣನಿಗೆ ಆಗಲಿಲ್ಲ. ಒಳಗಿನಿಂದ ಒಂದೊಂದು ಕೂಗು ಕೇಳಿದಾಗಲೂ ಜಯಕುಮಾರ್ ಹೇಳಿದ "ಉದುರ್ತೈತೆ" ಕಿವಿಯಲ್ಲಿ ಬಡಿಯುತ್ತಿತ್ತು.

ಹೊತ್ತು ಇಳಿಯುವಾಗ ಹೇಮಾವತಿ ಹೊರಗೆ ಬಂದಳು. ಸೆರಗಿನಿಂದ ಕಣ್ಣು ಒರೆಸುತ್ತಿದ್ದಳು. ಅದನ್ನು ಕಂಡು ಕೆಂಚಣ್ಣ ಎದ್ದು ನಿಲ್ಲಲು ಹೋಗಿ ಮತ್ತೆ ಕೂತ.

"ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ" ಎಂದಳು. ನಿರಂಜನ್ ಒಳಗೆ ಓಡಿದ. ಹೇಮಾವತಿ ಅಣ್ಣನ ಪಕ್ಕ ಕೂತು ಅವನ ಕೈ ಹಿಡಿದುಕೊಂಡಳು. ಸಿಟ್ಟು ಇಳಿದಿತ್ತು, ನಂಬಿಕೆ ವಾಪಸು ಬಂದಿತ್ತು. "ಎಲೆ ಇಲ್ದಿದ್ರೂ ಒಳಗೆ ಹಸಿರಾಗೇ ಇತ್ತಲ್ಲಣ್ಣ. ಎಲ್ಲಾ ನಿನ್ನ ಕಂಬದ ಪುಣ್ಯ."

ಆ ಮಾತನ್ನು ಯಾರಾದರೂ ತಾವಾಗಿಯೇ ಹೇಳಲಿ ಎಂದು ಅವನು ಎಷ್ಟೋ ಪಂಕ್ತಿಗಳಲ್ಲಿ ಕಾದಿದ್ದ. ಈಗ ತಂಗಿಯೇ ಹೇಳಿದಳು. ಕೆಂಚಣ್ಣ ಕೈ ಬಿಡಿಸಿಕೊಂಡು ಆಚೀಚೆ ನೋಡಿದ.

"ಮೆತ್ತಗೆ ಮಾತಾಡೆ" ಎಂದ. "ಕಂಬಕ್ಕೂ ಇದಕ್ಕೂ ಏನ್ ಸಂಬಂಧ? ಡಾಕ್ಟ್ರಮ್ಮ ಒಳ್ಳೇರು. ಹೋಗಿ ಅವರಿಗೆ ಹೇಳು."