ನಾಳೆ ನಾಲ್ಕು ಹತ್ತಕ್ಕೆ ಬರೆದದ್ದು

ನಾನು ದೆವ್ವ, ಶಕುನ ಯಾವುದನ್ನೂ ನಂಬಿದವನಲ್ಲ. ಕುಷ್ಟಗಿಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಸಿಪಿಯು ಮೇಲೆ ನಿಂಬೆಹಣ್ಣು ಇಟ್ಟು ತರುವ ಗಿರಾಕಿಗಳಿಗೆ, ಮೊದಲು ಅದನ್ನು ಶರಬತ್ ಮಾಡಿಕೊಂಡು ಕುಡೀರಿ ಎಂದು ಮುಖದ ಮೇಲೆ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಕಾರಣ ಕೇಳಿ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೆಲವು ವರ್ಷಗಳ ಹಿಂದೆ ಯಲಬುರ್ಗಾದ ನೀಲಮ್ಮ ಎಂಬವರು ಗಂಡನ ಕಂಪ್ಯೂಟರನ್ನು ಚಾದರದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತಂದರು. ಗಂಡ ಮನೆಯಲ್ಲೇ ಕುಳಿತು ಜನರಿಗೆ ಅರ್ಜಿ ಟೈಪು ಮಾಡಿಕೊಡುತ್ತಿದ್ದವರು. ತಿಂಗಳ ಹಿಂದೆ, ಇವರು ಹುಲಿಗಿಯ ಗುಡಿಗೆ ಹೋಗಿದ್ದ ದಿನ, ಅದೇ ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲೇ ತೀರಿಕೊಂಡಿದ್ದರು. ಸಂಜೆ ಇವರು ಬಾಗಿಲು ತೆಗೆದಾಗಲೇ ಗೊತ್ತಾದದ್ದು.

"ಹನ್ನೆರಡೂ ಐದಕ್ಕ ಫೋನ್ ಮಾಡಿದ್ರು, ತಮ್ಮಾ. ಗುಡಿ ಪಾಳಿಯೊಳಗ ನಿಂತಿದ್ದೆ, ಎತ್ತಲಿಲ್ಲ. ಅದಾದ ಮ್ಯಾಲೂ ಅವರು ಕೆಲಸ ಮಾಡ್ಯಾರೇನು, ಅಷ್ಟು ನೋಡಿ ಹೇಳು."

ಆಮೇಲೂ ಟೈಪು ಮಾಡಿದ್ದರೆ ಅದು ಮಾಮೂಲಿ ಫೋನು. ಇಲ್ಲದಿದ್ದರೆ ಜೀವ ಹೋಗುವಾಗ ಕರೆದದ್ದು.

ಅದು ವಿಂಡೋಸ್ ಅಲ್ಲ, ಲಿನಕ್ಸ್ ಹಾಕಿದ ಯಂತ್ರ. ಅರ್ಧಕ್ಕೆ ನಿಂತು ಕಪ್ಪು ಪರದೆಯ ಮೇಲೆ ದೂರು ಹೇಳುತ್ತಿತ್ತು: ಡಿಸ್ಕಿಗೆ ಕೊನೆಯ ಸಲ ಬರೆದ ಹೊತ್ತು ಇನ್ನೂ ಬಂದೇ ಇಲ್ಲ, ಸರಿಪಡಿಸಲೇ? ಇದನ್ನು ಎಷ್ಟೋ ಸಲ ನೋಡಿದ್ದೇನೆ. ಒಳಗಿನ ಸಣ್ಣ ಬ್ಯಾಟರಿ ಸತ್ತರೆ ಗಡಿಯಾರ ಹಳೆಯ ವರ್ಷಕ್ಕೆ ಜಾರುತ್ತದೆ. ಆಗ ನಿನ್ನೆ ಬರೆದದ್ದೂ ಮುಂದಿನದಾಗಿ ಕಾಣುತ್ತದೆ. ಬ್ಯಾಟರಿ ಬದಲಿಸಿ ತಾರೀಖು ಸರಿ ಮಾಡಿದೆ. ಮತ್ತೆ ಅದೇ ದೂರು. ಈ ಸಲ ಸರಿಯಾಗಿ ಓದಿದೆ. ಕೊನೆಯ ಬರಹ ಮರುದಿನದ್ದು, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ತಲೆ ಕೆಟ್ಟಿದೆ ಇದಕ್ಕೆ ಎಂದುಕೊಂಡು, ಸರಿಪಡಿಸು ಎಂದು ಒತ್ತಿದೆ. ಯಂತ್ರ ಎದ್ದಿತು.

ಕೊನೆಯ ಅರ್ಜಿ ಸಿಕ್ಕಿತು. ಯಾರದೋ ವೃದ್ಧಾಪ್ಯ ವೇತನದ್ದು, ಅರ್ಧಕ್ಕೆ ನಿಂತಿತ್ತು. ಉಳಿಸಿದ ಹೊತ್ತು ಅವರು ತೀರಿಕೊಂಡ ದಿನದ ಹನ್ನೆರಡು ನಾಲ್ಕು. ಆಮೇಲೆ ಅವರು ಏನನ್ನೂ ಮುಟ್ಟಿರಲಿಲ್ಲ.

ಮರುದಿನ ನೀಲಮ್ಮ ಬಂದರು. ನಾನು ಬಾಯಿ ತೆರೆಯುವ ಮೊದಲೇ ಪರದೆಯ ಮುಂದೆ ಕುಳಿತು ಅರ್ಜಿ ಓದಿದರು.

"ಇದು ನಮ್ಮ ಓಣಿ ಹಸೀನಾಬಿದು. ಅರ್ಧಾ ಬಿಟ್ಟು ಏಳೋ ಪೈಕಿ ಅಲ್ಲ ಅವರು. ತಡಿ, ಮುಗಸ್ತೀನಿ."

ಗಂಡನೇ ಕಲಿಸಿದ್ದರಂತೆ. ಒಂದೊಂದೇ ಅಕ್ಷರ ಹುಡುಕಿ 'ತಮ್ಮ ವಿಶ್ವಾಸಿ' ಎಂದು ಹೊಡೆದು, ಕೆಳಗೆ ಹಸೀನಾಬಿಯ ಹೆಸರು ಹಾಕಿ ಉಳಿಸಿದರು. ಹಳೆಯ ಹೊತ್ತು ಅಳಿದು ಹೊಸದು ಬಂತು: ನಾಲ್ಕು ಹತ್ತು. ನಾನು ಅದನ್ನು ನೋಡುತ್ತಿದ್ದಂತೆಯೇ ಕರೆಂಟು ಹೋಯಿತು. ಡಿಸ್ಕಿನ ಕೊನೆಯ ಬರಹ ಅದೇ ಆಯಿತು, ಹಿಂದಿನ ದಿನ ಯಂತ್ರ ದೂರಿನಲ್ಲಿ ಹೇಳಿದ್ದ ಅದೇ ನಿಮಿಷಕ್ಕೆ.

"ಈಗ ಹೇಳು, ತಮ್ಮಾ."

ತೋರಿಸಲು ಏನೂ ಉಳಿದಿರಲಿಲ್ಲ. "ಮೂರರ ಮ್ಯಾಲೂ ಬರದಾರ್ರಿ, ಅಕ್ಕಾರ," ಎಂದೆ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು.

ಕರೆಂಟು ಬಂದಿತು, ಡಿಸ್ಕು ಮತ್ತೆ ಏಳಲಿಲ್ಲ. ನಾನು ಮಾಡದ ಪ್ರಯತ್ನವಿಲ್ಲ. ಯಾರೋ ಹಿಂದೊಮ್ಮೆ ತಾರೀಖು ತಪ್ಪಾಗಿ ಇಟ್ಟಿರಬೇಕು ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೂ ಸರಿಯಾಗಿ ಅದೇ ನಿಮಿಷ ಹೇಗೆ? ಇಂದಿಗೂ ನನಗೆ ತಿಳಿದಿಲ್ಲ.

ಕುಷ್ಟಗಿಗೆ ಬಂದಾಗಲೆಲ್ಲ ನೀಲಮ್ಮ ಅಂಗಡಿಗೆ ಬರುತ್ತಾರೆ. "ಮೂರರ ಮ್ಯಾಲೆ ಎಷ್ಟಾಗಿತ್ತು ಅಂದಿ?" ಎಂದು ಕೇಳುತ್ತಾರೆ. ಮೂರೂ ಇಪ್ಪತ್ತು ಎನ್ನುತ್ತೇನೆ. ಪ್ರತಿ ಸಲ ಅದನ್ನೇ ಹೇಳಬೇಕು, ಒಂದು ನಿಮಿಷವೂ ಹೆಚ್ಚುಕಮ್ಮಿಯಾಗುವಂತಿಲ್ಲ.